ಬೆಟ್ಟದ ನೀರು, ಊರಿನ ಯಂತ್ರ



1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ತಯಾರಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹೋಯಿತು ಎಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಅದು ನಾವು ಹೆಮ್ಮೆಪಡಬೇಕಾದ ಸಂಗತಿಯೇ ಸರಿ. ಆದರೆ ಅದರ ಜೊತೆಗೆ ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ನದಿ ನಮ್ಮದು, ಜಲಪಾತ ನಮ್ಮದು. ಟರ್ಬೈನುಗಳು ಮಾತ್ರ ಸ್ವಿಟ್ಜರ್ಲೆಂಡಿನಿಂದ ಬಂದವು, ಜನರೇಟರುಗಳು ಅಮೆರಿಕದಿಂದ ಬಂದವು. ಒಂಬತ್ತು ವರ್ಷಗಳ ನಂತರ, 1911ರಲ್ಲಿ, ನೇಪಾಳದ ಕಾಠ್ಮಂಡು ಬಳಿಯ ಫರ್ಪಿಂಗ್ ಎಂಬಲ್ಲಿ 500 ಕಿಲೋವ್ಯಾಟ್ ಶಕ್ತಿಯ ಜಲವಿದ್ಯುತ್ ಕೇಂದ್ರ ಆರಂಭವಾಯಿತು. ಅಲ್ಲಿಯೂ ನೀರು ಸ್ವದೇಶದ್ದು, ಯಂತ್ರ ಪರದೇಶದ್ದು.

ಗಾಳಿ, ಬಿಸಿಲು, ನೀರು ಇವು ಯಾರೂ ಬೆಲೆ ಕೇಳದ ಶಕ್ತಿಮೂಲಗಳು. ಆದರೆ ಅವುಗಳನ್ನು ಹಿಡಿದು ಕೆಲಸಕ್ಕೆ ಹಚ್ಚುವ ಯಂತ್ರಕ್ಕೆ ಬೆಲೆ ಇದೆ. ಆ ಯಂತ್ರವನ್ನು ಯಾರು ಮಾಡುತ್ತಾರೆ? ಅದು ಕೆಟ್ಟಾಗ ಯಾರು ರಿಪೇರಿ ಮಾಡುತ್ತಾರೆ? ಅಭಿವೃದ್ಧಿಶೀಲ ರಾಷ್ಟ್ರಗಳ ಪಾಲಿಗೆ ಇವು ಬಹಳ ಮುಖ್ಯವಾದ ಪ್ರಶ್ನೆಗಳು. ಈ ಪ್ರಶ್ನೆಗಳಿಗೆ ನೇಪಾಳವೆಂಬ ಪುಟ್ಟ ದೇಶ ತನ್ನದೇ ಆದ ರೀತಿಯಲ್ಲಿ ಹೇಗೆ ಉತ್ತರ ಹುಡುಕಿತು ಎಂಬುದನ್ನು ಈ ಹೊತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಲು ನೇಪಾಳದ ಒಂದು ಬೆಟ್ಟದೂರನ್ನು ಕಲ್ಪಿಸಿಕೊಳ್ಳಿ. ಊರಿಗೆ ರಸ್ತೆ ಇಲ್ಲ. ಉಪ್ಪಿನಿಂದ ಹಿಡಿದು ತಗಡಿನವರೆಗೆ ಎಲ್ಲವೂ ಮನುಷ್ಯರ ಬೆನ್ನಿನ ಮೇಲೆಯೇ ಬರಬೇಕು. 'ಡೋಕೊ' ಎಂಬ ಬಿದಿರಿನ ಬುಟ್ಟಿಯಲ್ಲಿ ಹೊರೆ ತುಂಬಿ, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಹೊತ್ತು ನಡೆಯುತ್ತಾರೆ. ಮನೆಯಲ್ಲಿ ಹೆಂಗಸರು ಬೆಳಗಿನ ಜಾವವೇ ಎದ್ದು ಭತ್ತ ಕುಟ್ಟುತ್ತಾರೆ, ಜೋಳ ಬೀಸುತ್ತಾರೆ. ಮಗಳು ಶಾಲೆಗೆ ಹೋಗುವ ಮೊದಲು ತಾಯಿಗೆ ನೆರವಾಗಬೇಕು; ಕೆಲಸ ಮುಗಿಯದಿದ್ದರೆ ಶಾಲೆ ತಪ್ಪುತ್ತದೆ. ಊರ ಪಕ್ಕದಲ್ಲೇ ವರ್ಷವಿಡೀ ನೀರಿನ ತೊರೆ ಧುಮ್ಮಿಕ್ಕುತ್ತಿರುತ್ತದೆ.

ಆ ತೊರೆಯ ಶಕ್ತಿಯನ್ನು ಬಳಸುವ ವಿದ್ಯೆ ಅವರಿಗೆ ತಿಳಿದಿರಲಿಲ್ಲವೆಂದಲ್ಲ. 'ಘಟ್ಟ' ಎಂಬ ನೀರಿನ ಬೀಸುಕಲ್ಲು ಅಲ್ಲಿ ಶತಮಾನಗಳಿಂದ ಇದೆ. ನೇರವಾಗಿ ನಿಲ್ಲಿಸಿದ ಒಂದು ಅಚ್ಚು, ಅದರ ಬುಡದಲ್ಲಿ ಮರದ ಹಲಗೆಗಳ ಚಕ್ರ, ತುದಿಯಲ್ಲಿ ಬೀಸುವ ಕಲ್ಲು. ಮರದ ದೋಣಿಯಿಂದ ಇಳಿಜಾರಾಗಿ ಬರುವ ನೀರು ಹಲಗೆಗೆ ಬಡಿದಾಗ ಚಕ್ರ ತಿರುಗುತ್ತದೆ. ಜೊತೆಗೆ ಕಲ್ಲೂ ತಿರುಗುತ್ತದೆ. ಇಂಥ ಘಟ್ಟಗಳು ನೇಪಾಳದಲ್ಲಿ ಸುಮಾರು 25 ಸಾವಿರ ಇವೆಯೆಂದು ಅಂದಾಜು. ಹಿಟ್ಟು ಬೀಸಲು ಅದು ಸಾಕು. ಭತ್ತದ ಹೊಟ್ಟು ತೆಗೆಯುವುದಕ್ಕೆ, ಸಾಸಿವೆಯಿಂದ ಎಣ್ಣೆ ತೆಗೆಯುವುದಕ್ಕೆ ಅದರ ಬಲ ಸಾಲದು.

1960ರಲ್ಲಿ ಕಾಠ್ಮಂಡುವಿನ ಬಾಲಾಜುವಿನಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ 'ಬಾಲಾಜು ಯಂತ್ರಶಾಲಾ' ಎಂಬ ಕಾರ್ಖಾನೆ ಆರಂಭವಾಯಿತು. 1963ರಲ್ಲಿ ದಕ್ಷಿಣದ ಬುಟವಲ್ ಪಟ್ಟಣದಲ್ಲಿ ಓಡ್ ಹೋಫ್ಟುನ್ ಎಂಬ ನಾರ್ವೆಯ ಇಂಜಿನಿಯರ್ ಒಂದು ತಾಂತ್ರಿಕ ಶಾಲೆಯನ್ನು ಕಟ್ಟಿದರು. ಅಲ್ಲಿನ ಹುಡುಗರು ಕೆಲಸ ಮಾಡುತ್ತಲೇ ಕಲಿಯುತ್ತಿದ್ದರು. ಕಬ್ಬಿಣ ಕತ್ತರಿಸುವುದು, ಬೆಸೆಯುವುದು, ಲೇಥಿನಲ್ಲಿ ಕಡೆಯುವುದು ಇವೇ ಅವರ ಪಾಠಗಳು. ಮುಂದೆ ನೇಪಾಳದ ಟರ್ಬೈನುಗಳು ಹುಟ್ಟಿದ್ದು ಈ ಎರಡು ಊರುಗಳ ಸುತ್ತ.

ಯಾವ ಟರ್ಬೈನು ಮಾಡಬೇಕು? ಇಲ್ಲಿಯೇ ಜಾಣತನ ಇರುವುದು. ದೊಡ್ಡ ಕೇಂದ್ರಗಳಲ್ಲಿ ಬಳಸುವ ಫ್ರಾನ್ಸಿಸ್ ಟರ್ಬೈನಿನ ಚಕ್ರಕ್ಕೆ ಒಳ್ಳೆಯ ಎರಕ ಬೇಕು, ಕೂದಲೆಳೆಯಷ್ಟು ನಿಖರವಾದ ಅಳತೆ ಬೇಕು. ಸಣ್ಣ ಕಾರ್ಖಾನೆಗೆ ಅದು ಕಷ್ಟ. ಅವರು ಆರಿಸಿಕೊಂಡದ್ದು 'ಕ್ರಾಸ್‌ಫ್ಲೋ' ಎಂಬ ಟರ್ಬೈನನ್ನು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಆಸ್ಟ್ರೇಲಿಯದ ಮಿಚೆಲ್, ಹಂಗೆರಿಯ ಬಾಂಕಿ, ಜರ್ಮನಿಯ ಓಸ್‌ಬರ್ಗರ್ ಎಂಬ ಮೂವರು ರೂಪಿಸಿದ ಯಂತ್ರ ಅದು.

ಅದರ ರಚನೆ ಬಹಳ ಸರಳ. ಉಕ್ಕಿನ ಎರಡು ದುಂಡು ಬಿಲ್ಲೆಗಳನ್ನು ಎದುರುಬದುರಾಗಿ ನಿಲ್ಲಿಸಿ. ಅವುಗಳ ನಡುವೆ, ಅಂಚಿನ ಸುತ್ತಲೂ, ಬಾಗಿದ ಪಟ್ಟಿಗಳನ್ನು ಸಾಲಾಗಿ ಕೂರಿಸಿ ಬೆಸೆಯಿರಿ. ಹಲಗೆಗಳ ನಡುವೆ ಸಂದು ಬಿಟ್ಟ ಪೀಪಾಯಿಯ ಹಾಗೆ ಕಾಣುತ್ತದೆ. ಆ ಬಾಗಿದ ಪಟ್ಟಿಗಳು ಎಲ್ಲಿಂದ ಬರಬೇಕು? ಉಕ್ಕಿನ ಕೊಳವೆಯೊಂದನ್ನು ಉದ್ದುದ್ದಕ್ಕೆ ಸೀಳಿದರೆ ಆಯಿತು. ಕೊಳವೆಗೆ ಬಾಗು ತಾನಾಗಿಯೇ ಇರುತ್ತದಲ್ಲವೇ? ನೀರು ಒಂದು ಕಡೆಯ ಪಟ್ಟಿಗಳನ್ನು ತಳ್ಳಿ ಒಳಗೆ ನುಗ್ಗುತ್ತದೆ, ನಡುವಿನ ಖಾಲಿ ಜಾಗವನ್ನು ಹಾಯುತ್ತದೆ, ಇನ್ನೊಂದು ಕಡೆಯ ಪಟ್ಟಿಗಳನ್ನು ತಳ್ಳಿ ಹೊರಗೆ ಬೀಳುತ್ತದೆ. ಹೀಗೆ ಒಂದೇ ನೀರು ಎರಡು ಸಲ ಕೆಲಸ ಮಾಡುತ್ತದೆ. ಹೆಚ್ಚಿನ ಪಾಲು, ಅಂದರೆ ಸುಮಾರು ಮುಕ್ಕಾಲು ಪಾಲು ಶಕ್ತಿ, ಮೊದಲ ತಳ್ಳಿನಲ್ಲೇ ದೊರೆಯುತ್ತದೆ.

ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ತೊರೆಯಲ್ಲಿ ನೀರು ಹೆಚ್ಚಿದೆಯೇ? ಬಿಲ್ಲೆಯ ಅಳತೆ ಬದಲಿಸಬೇಕಾಗಿಲ್ಲ. ಪೀಪಾಯಿಯನ್ನು ಉದ್ದ ಮಾಡಿದರೆ ಸಾಕು. ಒಂದೇ ನಕ್ಷೆ ಇಟ್ಟುಕೊಂಡು ಬೇರೆ ಬೇರೆ ಊರುಗಳ ತೊರೆಗಳಿಗೆ ಹೊಂದುವ ಟರ್ಬೈನುಗಳನ್ನು ಮಾಡಬಹುದು. ಬಿಡಿಭಾಗಗಳನ್ನು ಆಳುಗಳು ಹೊರುವಷ್ಟು ತೂಕದ ಹೊರೆಗಳಾಗಿ ಹಂಚಬಹುದು. ರಸ್ತೆಯಿಲ್ಲದ ನಾಡಿಗೆ ಇದು ಸಣ್ಣ ವಿಷಯವಲ್ಲ.

"ಊರಿನಲ್ಲಿ ಮಾಡಿದ ಯಂತ್ರ ಪರದೇಶದ ಯಂತ್ರದಷ್ಟು ಚೆನ್ನಾಗಿರುತ್ತದೆಯೇ?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಒಂದು ಲೆಕ್ಕ ಮಾಡೋಣ, ಕಾಗದ ಪೆನ್ನು ತೆಗೆದುಕೊಳ್ಳಿ. ನೀರಿನಲ್ಲಿರುವ ಶಕ್ತಿಯನ್ನು ತಿಳಿಯಲು, ಸೆಕೆಂಡಿಗೆ ಹರಿಯುವ ಲೀಟರುಗಳನ್ನು ನೀರು ಬೀಳುವ ಎತ್ತರದ ಮೀಟರುಗಳಿಂದ ಗುಣಿಸಿ, ಅದನ್ನು 9.8ರಿಂದ ಗುಣಿಸಬೇಕು. ಉತ್ತರ ವ್ಯಾಟುಗಳಲ್ಲಿ ಬರುತ್ತದೆ. ಸೆಕೆಂಡಿಗೆ 30 ಲೀಟರು ನೀರು 20 ಮೀಟರು ಎತ್ತರದಿಂದ ಬೀಳುತ್ತಿದ್ದರೆ 5,880 ವ್ಯಾಟ್, ಅಂದರೆ ಸುಮಾರು 6 ಕಿಲೋವ್ಯಾಟ್.

ಲೆಕ್ಕದ ಸಲುವಾಗಿ ಪರದೇಶದ ಟರ್ಬೈನಿನ ದಕ್ಷತೆ 80 ಶೇಕಡಾ, ಊರಿನ ಟರ್ಬೈನಿನ ದಕ್ಷತೆ 65 ಶೇಕಡಾ ಎಂದಿಟ್ಟುಕೊಳ್ಳಿ. ಮೊದಲನೆಯದು 4.8 ಕಿಲೋವ್ಯಾಟ್ ಕೊಡುತ್ತದೆ, ಎರಡನೆಯದು 3.9 ಕಿಲೋವ್ಯಾಟ್ ಕೊಡುತ್ತದೆ. ಮೊದಲನೆಯದೇ ಮೇಲು ಎನ್ನುತ್ತೀರಿ. ಈಗ ಎರಡೂ ಯಂತ್ರಗಳ ಬೇರಿಂಗು ಮುರಿಯಿತು ಎಂದುಕೊಳ್ಳಿ. ಊರಿನ ಯಂತ್ರವನ್ನು ಮಾಡಿದವರು ಹದಿನೈದು ದಿನದಲ್ಲಿ ಬಂದು ಸರಿಪಡಿಸುತ್ತಾರೆ. ಪರದೇಶದ ಬಿಡಿಭಾಗ ಹಡಗಿನಲ್ಲಿ, ಲಾರಿಯಲ್ಲಿ, ಕೊನೆಗೆ ಡೋಕೊದಲ್ಲಿ ಬರಲು ಮೂರು ತಿಂಗಳು ಹಿಡಿಯುತ್ತದೆ. ವರ್ಷದ ಕೊನೆಗೆ ಮೊದಲನೆಯ ಯಂತ್ರ ಒಂಬತ್ತು ತಿಂಗಳು ದುಡಿದಿರುತ್ತದೆ, ಎರಡನೆಯದು ಹನ್ನೊಂದೂವರೆ ತಿಂಗಳು ದುಡಿದಿರುತ್ತದೆ. 4.8ನ್ನು 9ರಿಂದ ಗುಣಿಸಿದರೆ 43.2. 3.9ನ್ನು 11.5ರಿಂದ ಗುಣಿಸಿದರೆ 44.85. ಕಾಗದದ ಮೇಲೆ ಹಿಂದಿದ್ದ ಯಂತ್ರವೇ ವರ್ಷದ ದುಡಿಮೆಯಲ್ಲಿ ಮುಂದೆ ಬಂತು! ದಕ್ಷತೆಯನ್ನು ಯಂತ್ರದಲ್ಲಿ ಮಾತ್ರ ಅಳೆದರೆ ಸಾಲದು, ವರ್ಷದಲ್ಲಿಯೂ ಅಳೆಯಬೇಕು. ಆ ಮೂರು ತಿಂಗಳು ಗಿರಣಿ ನಿಂತರೆ ಊರಿನ ಹೆಂಗಸರು ಮತ್ತೆ ಒನಕೆ ಹಿಡಿಯಬೇಕು ಎಂಬುದನ್ನು ಈ ಲೆಕ್ಕದಲ್ಲಿ ನಾವು ಸೇರಿಸಿಯೇ ಇಲ್ಲ.

ರಿಪೇರಿಯ ಮಹತ್ವ ಸಣ್ಣ ಗಿರಣಿಗಳಿಗೆ ಮಾತ್ರ ಸೀಮಿತವಲ್ಲ. ಹಿಮಾಲಯದ ನದಿಗಳು ಮಳೆಗಾಲದಲ್ಲಿ ಗಟ್ಟಿ ಬೆಣಚು ಮರಳನ್ನು ಹೊತ್ತು ತರುತ್ತವೆ. ಆ ಮರಳು ಟರ್ಬೈನಿನ ಉಕ್ಕನ್ನು ಸಾಣೆಯ ಹಾಗೆ ಸವೆಸುತ್ತದೆ. 1994ರಲ್ಲಿ ಆರಂಭವಾದ 12 ಮೆಗಾವ್ಯಾಟಿನ ಝಿಮ್ರುಕ್ ಕೇಂದ್ರದ ಟರ್ಬೈನುಗಳು ಈ ಸವೆತಕ್ಕೆ ಹೆಸರಾಗಿವೆ. ಇಂಥ ನದಿಗಳ ಮೇಲೆ ಕಟ್ಟಿದ ಕೇಂದ್ರಕ್ಕೆ ಹತ್ತಿರದಲ್ಲೇ ರಿಪೇರಿ ಕಾರ್ಖಾನೆ ಇದ್ದರೆ ಅದರ ಬೆಲೆ ಎಷ್ಟೆಂದು ಊಹಿಸಿ.

ಇನ್ನು ವಿದ್ಯುತ್ತಿನ ವಿಷಯ. ಮೊದಮೊದಲು ಈ ಟರ್ಬೈನುಗಳು ವಿದ್ಯುತ್ತನ್ನೇ ತಯಾರಿಸಲಿಲ್ಲ. ಬೆಲ್ಟು ಹಾಕಿ ನೇರವಾಗಿ ಅಕ್ಕಿಯ ಗಿರಣಿ, ಹಿಟ್ಟಿನ ಗಿರಣಿ, ಎಣ್ಣೆಯ ಗಾಣಗಳನ್ನು ನಡೆಸುತ್ತಿದ್ದವು. ಗಿರಣಿಯಿಂದ ಆದಾಯ ಬರುತ್ತದೆ, ಆದಾಯದಿಂದ ಸಾಲ ತೀರುತ್ತದೆ. ಸಂಜೆ ಗಿರಣಿ ನಿಂತ ಮೇಲೆ ಅದೇ ಟರ್ಬೈನಿಗೆ ಒಂದು ಜನರೇಟರು ಜೋಡಿಸಿ ಮನೆಗಳಿಗೆ ದೀಪ ಕೊಡುವುದು ನಂತರ ಬಂದ ಯೋಚನೆ.

ಇದರಲ್ಲಿ ಒಂದು ತೊಡಕಿತ್ತು. ರಾತ್ರಿ ಹತ್ತು ಗಂಟೆಗೆ ಊರಿನವರು ಒಬ್ಬೊಬ್ಬರಾಗಿ ದೀಪ ಆರಿಸಿದರೆ ಟರ್ಬೈನಿನ ಮೇಲಿನ ಹೊರೆ ಇಳಿಯುತ್ತದೆ. ಹೊರೆ ಇಳಿದರೆ ಅದು ವೇಗವಾಗಿ ಓಡತೊಡಗುತ್ತದೆ, ವೋಲ್ಟೇಜು ಏರುತ್ತದೆ, ಉಳಿದ ಬಲ್ಬುಗಳು ಸುಟ್ಟುಹೋಗುತ್ತವೆ. ದೊಡ್ಡ ಕೇಂದ್ರಗಳಲ್ಲಿ ಗವರ್ನರು ಎಂಬ ಯಂತ್ರ ನೀರಿನ ಹರಿವನ್ನೇ ತಗ್ಗಿಸುತ್ತದೆ. ಆದರೆ ಸಣ್ಣ ಟರ್ಬೈನಿಗೆ ಅಂಥ ಗವರ್ನರು ಕೂರಿಸುವುದೆಂದರೆ ಕುದುರೆಗಿಂತ ಲಗಾಮಿಗೇ ಹೆಚ್ಚು ಹಣ ಕೊಟ್ಟಂತೆ. ಇದಕ್ಕೆ ಕಂಡುಕೊಂಡ ಉಪಾಯ ಎಲೆಕ್ಟ್ರಾನಿಕ್ ಹೊರೆ ನಿಯಂತ್ರಕ. ನೀರನ್ನು ಹಾಗೆಯೇ ಬಿಡುವುದು. ಊರಿನಲ್ಲಿ ಎಷ್ಟು ದೀಪ ಆರಿತೋ ಅಷ್ಟು ಶಕ್ತಿಯನ್ನು ಒಂದು ಹೀಟರಿಗೆ ತಿರುಗಿಸುವುದು. ಜನರೇಟರಿನ ಮೇಲಿನ ಒಟ್ಟು ಹೊರೆ ಬದಲಾಗುವುದೇ ಇಲ್ಲ. ಚಲಿಸುವ ಭಾಗಗಳಿಲ್ಲದ ಈ ಪೆಟ್ಟಿಗೆಯನ್ನು ಕಾಠ್ಮಂಡುವಿನಲ್ಲೇ ಜೋಡಿಸಬಹುದಾಗಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಿಕೊಳ್ಳಬೇಕು. ಸ್ಥಳೀಯ ತಯಾರಿಕೆ ಎಂದರೆ ಪ್ರತಿಯೊಂದು ತಿರುಪನ್ನೂ ನಾವೇ ಮಾಡುವುದು ಎಂದಲ್ಲ. ನೇಪಾಳದವರು ಜನರೇಟರುಗಳನ್ನು ಹೊರಗಿನಿಂದ ತರಿಸಿಕೊಂಡರು. ಬೇರಿಂಗು, ಉಕ್ಕಿನ ಹಾಳೆ, ನಿಯಂತ್ರಕದೊಳಗಿನ ಎಲೆಕ್ಟ್ರಾನಿಕ್ ಬಿಡಿಭಾಗಗಳೂ ಹೊರಗಿನವೇ. ಆದರೆ ತೊರೆಗೆ ತಕ್ಕಂತೆ ಬದಲಾಗುವ ಭಾಗ, ಬೇಗ ಸವೆಯುವ ಭಾಗ, ಕೆಟ್ಟರೆ ಊರೇ ನಿಲ್ಲುವ ಭಾಗ ಇವುಗಳನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡರು. ಯಾವುದನ್ನು ಮಾಡಬೇಕು, ಯಾವುದನ್ನು ಕೊಳ್ಳಬೇಕು ಎಂಬುದನ್ನು ಬೇರ್ಪಡಿಸಿ ನೋಡುವುದೇ ಇಲ್ಲಿ ಇಂಜಿನಿಯರಿನ ಮೊದಲ ಕೆಲಸ.

ಈ ಕೆಲಸದಲ್ಲಿ ಪರದೇಶದ ತಜ್ಞರಷ್ಟೇ ಅಲ್ಲ, ಅಲ್ಲಿಯ ಕುಶಲಕರ್ಮಿಗಳೂ ಪಾಲುಗೊಂಡರು. ಕಾಠ್ಮಂಡುವಿನ ಅಕ್ಕಲ್ ಮಾನ್ ನಕರ್ಮಿ ಎಂಬುವರು ಅವರಲ್ಲಿ ಪ್ರಸಿದ್ಧರು. ನಕರ್ಮಿ ಎಂಬುದು ನೇವಾರ್ ಜನರಲ್ಲಿ ಕಬ್ಬಿಣದ ಕೆಲಸ ಮಾಡುವವರ ಕುಲನಾಮ. ಘಟ್ಟದ ಮರದ ಚಕ್ರಕ್ಕೆ ಬದಲಾಗಿ ಲೋಹದ ಚಕ್ರ ಕೂರಿಸಿ, ಅದರಿಂದ ಹಿಟ್ಟಷ್ಟೇ ಅಲ್ಲದೆ ಅಕ್ಕಿ, ಎಣ್ಣೆಗಳ ಕೆಲಸವನ್ನೂ ಮಾಡಿಸುವ ಯಂತ್ರವನ್ನು ಅವರು ರೂಪಿಸಿದರು. ಆಮೇಲೆ 'ಪೆಲ್ಟ್ರಿಕ್' ಎಂಬ ಪುಟ್ಟ ಯಂತ್ರವನ್ನೂ ತಯಾರಿಸಿದರು. ಅದರಲ್ಲಿ ಪೆಲ್ಟನ್ ಚಕ್ರ ಮತ್ತು ಜನರೇಟರು ಒಂದೇ ಅಚ್ಚಿನ ಮೇಲೆ ಕುಳಿತಿರುತ್ತವೆ. ಸ್ವಲ್ಪವೇ ನೀರು ತುಂಬ ಎತ್ತರದಿಂದ ಬೀಳುವ ಜಾಗಗಳಿಗೆ ಅದು ಹೇಳಿ ಮಾಡಿಸಿದ್ದು.

ಯಂತ್ರವಿದ್ದರೆ ಸಾಕೇ? ಸಾಲದು. ಕಾನೂನು ಮತ್ತು ಹಣ ಎರಡೂ ಬೇಕು. 1984ರಲ್ಲಿ ನೇಪಾಳ ಸರ್ಕಾರ 100 ಕಿಲೋವ್ಯಾಟಿನವರೆಗಿನ ಘಟಕಗಳಿಗೆ ಪರವಾನಗಿ ಬೇಡ ಎಂದಿತು. ಕೃಷಿ ಅಭಿವೃದ್ಧಿ ಬ್ಯಾಂಕು ಸಾಲ ಕೊಟ್ಟಿತು; ಅದರ ಮೂಲಕ ಸಹಾಯಧನವೂ ಬಂತು. 1996ರಲ್ಲಿ ಇದಕ್ಕೆಂದೇ ಪರ್ಯಾಯ ಇಂಧನ ಪ್ರೋತ್ಸಾಹನ ಕೇಂದ್ರ ಸ್ಥಾಪನೆಯಾಯಿತು. ಎರಡು ಸಾವಿರಕ್ಕೂ ಹೆಚ್ಚು ಕಿರು ಜಲವಿದ್ಯುತ್ ಘಟಕಗಳು ನೇಪಾಳದ ಬೆಟ್ಟಗಳಲ್ಲಿ ತಲೆಯೆತ್ತಿವೆ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ತಿಳಿಯಬೇಡಿ. ಸಹಾಯಧನ ಬಂದ ಕಡೆ ಅವಸರದ ಕೆಲಸವೂ ಬರುತ್ತದೆ. 20 ಕಿಲೋವ್ಯಾಟ್ ಕೊಡುತ್ತದೆಂದು ಹೇಳಿದ ಯಂತ್ರ 12 ಕಿಲೋವ್ಯಾಟ್ ಮಾತ್ರ ಕೊಟ್ಟರೆ, ಪೂರ್ತಿ ಸಾಲ ತೀರಿಸಬೇಕಾದವರು ಊರಿನ ಜನ. ಆದ್ದರಿಂದ ಅಲ್ಲಿ ಒಂದು ಒಳ್ಳೆಯ ಪದ್ಧತಿ ಜಾರಿಗೆ ಬಂತು. ಘಟಕ ಸಿದ್ಧವಾದ ಮೇಲೆ ಅದು ನಿಜವಾಗಿ ಎಷ್ಟು ಶಕ್ತಿ ಕೊಡುತ್ತದೆಂದು ಸ್ಥಳಕ್ಕೇ ಹೋಗಿ ಅಳೆಯುತ್ತಾರೆ. ಸಹಾಯಧನಕ್ಕೆ ಆ ಅಳತೆಯೇ ಆಧಾರ. ನಮ್ಮದು ಎಂಬ ಅಭಿಮಾನ ಬೇಕು. ಆದರೆ ಅಭಿಮಾನ ಅಳತೆಯ ಕಡ್ಡಿಯ ಜಾಗಕ್ಕೆ ಬರಬಾರದು. ಇನ್ನೊಂದು ಕೊರತೆಯೂ ಇದೆ. ಕಾರ್ಖಾನೆಗಳು ಬಹುಪಾಲು ಕಾಠ್ಮಂಡು, ಬುಟವಲ್‌ಗಳಲ್ಲೇ ಇವೆ. ದೂರದ ಪಶ್ಚಿಮದ ಹಳ್ಳಿಗೆ ಅವೂ ಹಲವು ದಿನಗಳ ದಾರಿ. ಹಾಗಾಗಿ ಊರಿನಲ್ಲೇ ಒಬ್ಬಿಬ್ಬರಿಗೆ ಬೆಲ್ಟು ಬದಲಿಸುವುದು, ಬೇರಿಂಗಿಗೆ ಗ್ರೀಸು ಹಾಕುವುದು, ಕಾಲುವೆಯ ಹೂಳು ತೆಗೆಯುವುದು ಇವನ್ನು ಕಲಿಸಲೇಬೇಕು.

ಇಷ್ಟೆಲ್ಲ ಕೇಳಿದ ಮೇಲೆ, "ಬಿಸಿಲಿನ ಶಕ್ತಿಗೂ ಇದೇ ದಾರಿ ಹಿಡಿಯಬಹುದೇ?" ಎಂಬ ಪ್ರಶ್ನೆ ನಿಮಗೆ ಬಂದಿರಬಹುದು. ಪೂರ್ತಿ ಹಿಡಿಯಲಾಗದು. ಸಿಲಿಕಾನ್ ಕೋಶವನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಲು ಬರುವುದಿಲ್ಲ. ಅದಕ್ಕೆ ಭಾರೀ ಬಂಡವಾಳ, ಅತಿ ಶುದ್ಧವಾದ ವಾತಾವರಣ ಬೇಕು. ಸೌರ ಫಲಕ ತಯಾರಿಕೆಯ ಪ್ರತಿ ಹಂತದಲ್ಲೂ ಚೀನಾದ ಪಾಲು 80 ಶೇಕಡಾ ಮೀರಿದೆಯೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲಿ ಹೇಳಿತು. ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಬಾಂಗ್ಲಾದೇಶದಲ್ಲಿ 2003ರಲ್ಲಿ ಆರಂಭವಾದ ಮನೆ ಸೌರದೀಪಗಳ ಯೋಜನೆ 40 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿತು. ಫಲಕಗಳನ್ನು ಮೊದಲು ಹೊರಗಿನಿಂದ ತರಿಸಿದರು. ಬ್ಯಾಟರಿ, ಚಾರ್ಜು ನಿಯಂತ್ರಕ, ದೀಪಗಳ ತಯಾರಿಕೆ ದೇಶದೊಳಗೆ ಬೆಳೆಯಿತು. ಬೇಗ ಕೆಡುವ ಭಾಗಗಳು ಯಾವುವು ಎಂದು ನೋಡಿ. ಫಲಕವಲ್ಲ, ಬ್ಯಾಟರಿ ಮತ್ತು ನಿಯಂತ್ರಕ. ನೇಪಾಳದ ಪಾಠವೇ ಇಲ್ಲಿಯೂ ಕಾಣುತ್ತದಲ್ಲವೇ?

ಇದೇ ಬಗೆಯ ಪ್ರಯತ್ನ ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ಹಳ್ಳಿಗೆ ಒಪ್ಪುವ ತಂತ್ರಜ್ಞಾನ ಅದರ ಗುರಿ. ಅಲ್ಲಿಂದ ಬಂದ ಅಸ್ತ್ರ ಒಲೆಯ ಹೆಸರನ್ನು ನಿಮ್ಮ ಅಜ್ಜಿಯರು ಕೇಳಿರಬಹುದು. ಅದನ್ನು ಕಟ್ಟಿದ್ದು ಕಾರ್ಖಾನೆಯಲ್ಲ, ತರಬೇತಿ ಪಡೆದ ಊರಿನ ಕೈಗಳೇ. ಒಲೆಯ ಬಾಯಿ, ಹೊಗೆಯ ದಾರಿ ಇವುಗಳ ಅಳತೆ ತಪ್ಪಿದರೆ ಸೌದೆಯ ಉಳಿತಾಯವೂ ತಪ್ಪಿತು. ಅಳತೆಯ ಶಿಸ್ತು ಟರ್ಬೈನಿಗೆ ಹೇಗೋ ಒಲೆಗೂ ಹಾಗೆಯೇ.

ಮಲೆನಾಡಿನ ವಿದ್ಯಾರ್ಥಿಗಳಿಗೆ ಅಬ್ಬಿ ನೀರು ಗೊತ್ತು. ಗುಡ್ಡದ ಒರತೆಯಿಂದ ತಾನಾಗಿ ಮನೆಯಂಗಳಕ್ಕೆ ಹರಿದು ಬರುವ ನೀರು ಅದು. ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಎಷ್ಟೋ ಒಂಟಿ ಮನೆಗಳಲ್ಲಿ ಇಂಥ ನೀರಿಗೆ ಪುಟ್ಟ ಟರ್ಬೈನು ಜೋಡಿಸಿ ದೀಪ ಉರಿಸಿದ್ದಾರೆ. ನೀವೂ ಒಂದು ಪ್ರಯೋಗ ಮಾಡಿ ನೋಡಿ. ಮಳೆಗಾಲದ ಪ್ರವಾಹದಲ್ಲಿ ಬೇಡ. ನೀರು ತಿಳಿಯಾದ ಮೇಲೆ, ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. 15 ಲೀಟರಿನ ಬಕೆಟು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆಂದು ಎಣಿಸಿ. ಗಾರೆಯವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಹಂತ ಹಂತವಾಗಿ ಇಳಿಜಾರಿನ ಎತ್ತರ ಅಳೆಯಿರಿ. ಐದು ಸೆಕೆಂಡಿಗೆ ಬಕೆಟು ತುಂಬಿ, 30 ಮೀಟರು ಎತ್ತರವಿದ್ದರೆ ನೀರಿನಲ್ಲಿರುವ ಶಕ್ತಿ 882 ವ್ಯಾಟ್. ಕೊಳವೆ, ಟರ್ಬೈನು, ಜನರೇಟರುಗಳಲ್ಲಿ ಅರ್ಧ ಹೋಯಿತೆಂದರೂ ಸುಮಾರು 440 ವ್ಯಾಟ್ ಉಳಿಯಿತು. 9 ವ್ಯಾಟಿನ ಎಲ್‌ಇಡಿ ಬಲ್ಬುಗಳು ಎಷ್ಟು ಉರಿಯುತ್ತವೆ, ನೀವೇ ಭಾಗಿಸಿ ನೋಡಿ.

ಕೊನೆಯದಾಗಿ ಒಂದು ಮಾತು. ಸರ್ಕಾರದ ದೊಡ್ಡ ತಂತಿ ಊರಿಗೆ ಬಂದಾಗ ಕಿರು ಘಟಕಗಳ ಗತಿ ಏನು? ನೇಪಾಳದಲ್ಲಿ ಇದು ಕಷ್ಟದ ಪ್ರಶ್ನೆಯಾಯಿತು. ತಂತಿ ಬಂದ ಕಡೆ ಹಲವು ಘಟಕಗಳು ಮೂಲೆಗುಂಪಾದವು. ಜನ ಸಾಲ ಮಾಡಿ, ಕಾಲುವೆ ಅಗೆದು ಕಟ್ಟಿಕೊಂಡ ಆಸ್ತಿ ಅದು. 2018ರ ಜನವರಿಯಲ್ಲಿ ನುವಾಕೋಟ್ ಜಿಲ್ಲೆಯ ಸ್ಯಾವುರೇಭೂಮಿ ಎಂಬಲ್ಲಿನ 23 ಕಿಲೋವ್ಯಾಟಿನ ಕಿರು ಘಟಕವನ್ನು ರಾಷ್ಟ್ರೀಯ ಜಾಲಕ್ಕೆ ಜೋಡಿಸಿದರು. ದೊಡ್ಡ ತಂತಿಯಿಂದ ವಿದ್ಯುತ್ತು ಕೊಳ್ಳುವ ಊರು ಅದೇ ತಂತಿಗೆ ವಿದ್ಯುತ್ತು ಮಾರುವಂತೆಯೂ ಆಯಿತು. ದಾರಿಯಿದೆ ಎಂಬುದಕ್ಕೆ ಅದು ಸಾಕ್ಷಿ. ಎಲ್ಲ ಘಟಕಗಳಿಗೂ ಆ ದಾರಿ ತೆರೆಯಬೇಕಾದರೆ ಇನ್ನೂ ಬಹಳ ಕೆಲಸವಿದೆ.

ಆ ಕೆಲಸ ನಿಮ್ಮ ವಯಸ್ಸಿನವರದು. ನಾಳೆ ನೀವು ಇಂಜಿನಿಯರೋ, ಫಿಟ್ಟರೋ, ಬ್ಯಾಂಕಿನ ಅಧಿಕಾರಿಯೋ, ಪಂಚಾಯಿತಿಯ ಸದಸ್ಯರೋ ಆಗಿರುತ್ತೀರಿ. ಯಾರಾದರೂ ಹೊಳೆಯುವ ಹೊಸ ಯಂತ್ರವೊಂದನ್ನು ನಿಮ್ಮ ಊರಿಗೆ ತಂದಾಗ ಅದರ ಬೆಲೆಯನ್ನು ಕೇಳಿ, ದಕ್ಷತೆಯನ್ನು ಕೇಳಿ. ಜೊತೆಗೆ, ಇದು ಕೆಟ್ಟರೆ ಸರಿಮಾಡುವವರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನೂ ಕೇಳಿ. ಉತ್ತರ ತೃಪ್ತಿಕರವಾಗಿರದಿದ್ದರೆ, ಆ ಕೆಲಸ ಕಲಿಯಲು ಊರಿನಲ್ಲಿ ಯಾರಿದ್ದಾರೆ ಎಂದು ನೋಡಿ. ಅದು ನೀವೇ ಆಗಿರಬಹುದು.